ಆರನೇ ನಂಬರಿನ ಡಿಸ್ಕ್

"ಸಂಜೆ ಕ್ಲಾಸಿನ ವಿದ್ಯೆ ಇಷ್ಟೇ ನೋಡ್ರಿ," ಎಂದರು ಬಸವಕಿರಣ್ ಸರ್. ನನಗಲ್ಲ, ಆಲ್ಬಮ್ ನೋಡಲು ಬಂದು ಕೌಂಟರಿನಲ್ಲಿ ಕೂತಿದ್ದ ಗಿರಾಕಿಗಳಿಗೆ. ಅವರಲ್ಲಿ ಒಬ್ಬಾಕೆ ನಕ್ಕಳು.

ಎಸ್.ಎಸ್. ಬಡಾವಣೆಯ ಸರ್ ಅವರ ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವವಳು ನಾನು. ಏಳು ವರ್ಷ ಕೌಂಟರಿನಲ್ಲಿ ನಿಂತು ಪಾಸ್‌ಪೋರ್ಟ್ ಫೋಟೋ ಕತ್ತರಿಸಿದ್ದೇನೆ. ಅದೇ ವರ್ಷಗಳಲ್ಲಿ ಸಂಜೆ ಆರರಿಂದ ಎಂಟರವರೆಗೆ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೇನೆ. ಒಳಗಿನ ಎಡಿಟಿಂಗ್ ಕುರ್ಚಿ ಸಿಕ್ಕಿ ಎರಡು ವರ್ಷವೂ ಆಗಿಲ್ಲ.

ತಕರಾರು ಆರನೇ ನಂಬರಿನ ಹಾರ್ಡ್ ಡಿಸ್ಕಿನದು. ಕಳೆದ ಸೀಸನ್ನಿನ ಮದುವೆಗಳೆಲ್ಲ ಅದರಲ್ಲಿದ್ದವು. ಪಾರ್ಟಿಗಳಿಗೆ ವಿಡಿಯೋ ಕೊಟ್ಟಾಗಿತ್ತು, ಇನ್ನೊಂದು ಡಿಸ್ಕಿನಲ್ಲಿ ಪ್ರತಿಯೂ ಇತ್ತು. ಎರಡು ಸಲ ನೋಡಿದ್ದೆ, ಅನುಮಾನ ಬಂದು ಮೂರನೇ ಸಲವೂ ನೋಡಿದ್ದೆ. ಮಾರನೇ ದಿನ ಮಲೆಬೆನ್ನೂರಿನಲ್ಲಿ ಮದುವೆ ಶೂಟಿಂಗ್ ಇದ್ದುದರಿಂದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಖಾಲಿ ಮಾಡಬೇಕಿತ್ತು. ಆಗಲಿಲ್ಲ. ಅರ್ಧಕ್ಕೆ ಬರುತ್ತಿದ್ದಂತೆ ಕಂಪ್ಯೂಟರ್ 'ಟಿಂಗ್' ಎನ್ನುತ್ತಿತ್ತು, ಡಿಸ್ಕಿನ ನೀಲಿ ದೀಪ ಆರುತ್ತಿತ್ತು, ಫಾರ್ಮ್ಯಾಟ್ ಪೂರ್ತಿಯಾಗಲಿಲ್ಲ ಎಂಬ ಸಾಲು ಬರುತ್ತಿತ್ತು. ಕೇಬಲ್ ಬದಲಿಸಿದೆ. ಸಿಪಿಯು ಹಿಂದಿನ ಪೋರ್ಟಿಗೆ ಹಾಕಿದೆ. ಜೊತೆಗೆ ಕೆಲಸ ಮಾಡುವ ಯೋಗರಾಜನ ಕಂಪ್ಯೂಟರಿಗೆ ಹಾಕಿದೆ. ಕಮಾಂಡ್ ಬರೆಯುವ ಕಪ್ಪು ಪರದೆ ತೆರೆದು, ಕ್ಲಾಸಿನ ನೋಟ್‌ಬುಕ್ ನೋಡಿ ಟೈಪ್ ಹೊಡೆದೆ. ಮತ್ತೆ ಟಿಂಗ್.

"ಎಜೆಕ್ಟ್ ಮಾಡ್ದೆ ಕಿತ್ತಿರ್ತಿ ನೀನು. ಅದಕ್ಕೇ ಸತ್ತೈತೆ," ಎಂದರು ಸರ್. "ಐದು ಗಂಟೆ ಒಳಗೆ ಸರಿ ಮಾಡಿಸ್ಕಂಡು ಬಾ. ಇಲ್ಲಾಂದ್ರೆ ನಾಳೆಯಿಂದ ಕೌಂಟರ್ ನೋಡ್ಕೊ. ಎಡಿಟಿಂಗ್ ಯೋಗರಾಜ ಮಾಡ್ತಾನೆ."

ಯೋಗರಾಜ ಮೊಬೈಲಿನಿಂದ ತಲೆ ಎತ್ತಲಿಲ್ಲ. ಕಿವಿ ಮಾತ್ರ ಇತ್ತ ಇತ್ತು.

ಹರಿಹರದ ಬಸ್ಸಿನಲ್ಲಿ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಸರ್‌ಗೆ ಕೊಡಬೇಕಾಗಿದ್ದ ಉತ್ತರಗಳೆಲ್ಲ ಬಾತಿ ಊರು ದಾಟಿದ ಮೇಲೆ ಒಂದೊಂದಾಗಿ ನೆನಪಾದವು. ಕಳೆದ ವರ್ಷ ನೀವು ಅಳಿಸಿ ಹಾಕಿದ್ದ ನಾಮಕರಣದ ವಿಡಿಯೋ ವಾಪಸ್ ತೆಗೆದವರು ಯಾರು? ನಗುತ್ತಾ ಕೂತಿದ್ದಳಲ್ಲ, ಅವಳ ತಂಗಿ ಮದುವೆಯ ವಿಡಿಯೋ ಎಡಿಟ್ ಮಾಡಿ ಕೊಟ್ಟವರು ಯಾರು? ಹಲ್ಲು ಕಚ್ಚಿ ಕಚ್ಚಿ ದವಡೆ ನೋಯತೊಡಗಿತು. ಆದರೆ ಸಿಟ್ಟಿನ ಅಡಿಯಲ್ಲೊಂದು ಹೆದರಿಕೆಯೂ ಇತ್ತು. ಶ್ರಾವಣದಲ್ಲಿ ಒಮ್ಮೆ ಕರೆಂಟ್ ಹೋದಾಗ ಗಾಬರಿಯಲ್ಲಿ ಈ ಡಿಸ್ಕನ್ನು ಹಾಗೇ ಕಿತ್ತಿದ್ದೆ. ಒಮ್ಮೆ ಮಾತ್ರ. ಅದಾದ ಮೇಲೂ ಚೆನ್ನಾಗಿತ್ತು. ಇತ್ತೋ, ಇರಲಿಲ್ಲವೋ?

ಹರಿಹರದ ಬಸ್ ನಿಲ್ದಾಣದ ಹತ್ತಿರ ನೌಮಾನ್‌ನ ರಿಪೇರಿ ಅಂಗಡಿ. ಸಂಜೆ ಕ್ಲಾಸಿನಲ್ಲಿ ನನ್ನ ಪಕ್ಕದ ಕಂಪ್ಯೂಟರ್ ಅವನದಾಗಿತ್ತು.

"ಬಾ ಚೌಡಕ್ಕ. ಮುಖ ನೋಡಿದ್ರೆ ಡಿಸ್ಕಿಗಿಂತ ಮೊದ್ಲು ನಿನ್ನೇ ಫಾರ್ಮ್ಯಾಟ್ ಹೊಡೀಬೇಕು ಅನ್ಸುತ್ತೆ."

"ತಮಾಷೆ ಬ್ಯಾಡ ನೌಮಾನ್. ಇದನ್ನ ನಾನೇ ಸಾಯಿಸೀನೇನು, ಅಷ್ಟು ಹೇಳು."

ಅವನು ಕೇಬಲ್ ಹಾಕಿ ಡಿಸ್ಕನ್ನು ಕಿವಿಗೆ ಹಿಡಿದ. "ಸತ್ತಿದ್ದು ಹಿಂಗೆ ಸುತ್ತಲ್ಲಕ್ಕ. ಉಸಿರು ಚಲೋ ಐತೆ." ಕೇಬಲನ್ನು ಬೆರಳಿನಿಂದ ಒಂಚೂರು ಅಲುಗಾಡಿಸಿದ. ದೀಪ ಆರಿತು. ಡಿಸ್ಕಿನ ಕೇಬಲ್ ಚುಚ್ಚುವ ಬಾಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದವನು ಜೋರಾಗಿ ನಕ್ಕ.

"ನಿಮ್ಮ ಡಿಸ್ಕ್ ದೀಕ್ಷೆ ತಗಂಡೈತೆ ಅಕ್ಕ!"

ಸೂಜಿಯಿಂದ ಕೆರೆದ. ಕಪ್ಪು ಮ್ಯಾಟಿನ ಮೇಲೆ ಬೆಳ್ಳನೆಯ ಚಕ್ಕೆಗಳು ಉದುರಿದವು. ಬೆರಳಲ್ಲಿ ತಿಕ್ಕಿದೆ. ವಿಭೂತಿ.

"ಪಿನ್ನಿಗೆ ಮೆತ್ಕಂಡು ಒಣಗೈತೆ. ಒಂದೆರಡು ಫೋಟೋ ತೋರ್ಸೋವಷ್ಟು ಹೊತ್ತು ತಡೀತೈತೆ, ದೊಡ್ಡ ಕೆಲಸ ಕೊಟ್ರೆ ಕನೆಕ್ಷನ್ ಬಿಡ್ತೈತೆ," ಎನ್ನುತ್ತ ಸ್ಪಿರಿಟ್ ಹಾಕಿ ಬ್ರಶ್ಶಿನಿಂದ ಉಜ್ಜಿದ.

ಹದಿನೈದು ದಿನದ ಹಿಂದಿನ ಆಯುಧ ಪೂಜೆ ಕಣ್ಣ ಮುಂದೆ ಬಂತು. ಪೂಜೆ ಮಾಡಿದವರು ಸರ್ ತಾಯಿ ಅಕ್ಕನಾಗಮ್ಮನವರು. ಅವರಿಗೆ ಕಣ್ಣು ಮಂಜು. ಕೈಗೆ ಏನು ಕೊಟ್ಟರೂ ಹಸಿ ವಿಭೂತಿಯ ಮೂರು ಪಟ್ಟೆ ಎಳೆಯುತ್ತಾರೆ, ಕ್ಯಾಮೆರಾ ಆಗಲಿ, ಕತ್ತರಿ ಆಗಲಿ. ಡಿಸ್ಕುಗಳನ್ನು ಒಂದೊಂದಾಗಿ ಅವರ ಮುಂದೆ ಹಿಡಿದವಳು ನಾನು. ಪಾರ್ಟಿಗಳ ಹೆಸರು, ತಾರೀಖು ಬರೆದ ಲೇಬಲ್ ಎಲ್ಲದರ ಮೇಲೂ ಇತ್ತು. ಐದರ ಲೇಬಲ್ ಮೇಲೆ ಟೇಪ್ ಅಂಟಿಸಿದ್ದೆ. ಆರನೆಯದರ ಹೊತ್ತಿಗೆ ಟೇಪ್ ಮುಗಿದಿತ್ತು. ಅಕ್ಷರ ಅಳಿಸೀತೆಂದು ಅದನ್ನು ನೆಟ್ಟಗೆ ನಿಲ್ಲಿಸಿ, ತುದಿಯನ್ನು ಅವರ ಬೆರಳಿಗೆ ಒಡ್ಡಿದ್ದೆ. ಕೇಬಲ್ಲಿನ ಬಾಯಿ ಇದ್ದದ್ದೇ ಆ ತುದಿಯಲ್ಲಿ.

ಅದನ್ನೆಲ್ಲ ನೌಮಾನ್‌ಗೆ ಹೇಳಿ ಮುಗಿಸುವಷ್ಟರಲ್ಲಿ ಅವನ ಕಂಪ್ಯೂಟರಿನಲ್ಲಿ ಹಸಿರು ಪಟ್ಟಿ ತುದಿ ಮುಟ್ಟಿತು. ಫಾರ್ಮ್ಯಾಟ್ ಆಗಿತ್ತು.

"ಅಮ್ಮಾರು ಹಚ್ಚಿದ್ದು ಅನ್ನು, ಮುಗೀತು. ಸುಳ್ಳೇನಲ್ಲವಲ್ಲ," ಎಂದ.

ನಾಲ್ಕೂವರೆಗೆ ಸ್ಟುಡಿಯೋ ಮುಟ್ಟಿದೆ. ನನ್ನ ಕುರ್ಚಿಯಲ್ಲಿ ಯೋಗರಾಜ ಕೂತಿದ್ದ. ಆಗಲೇ ಅದರ ಎತ್ತರ ಇಳಿಸಿಕೊಂಡಿದ್ದ. ಅಕ್ಕನಾಗಮ್ಮನವರು ಸಂಜೆಯ ದೀಪ ಹಚ್ಚಲು ಬಂದು ಬಾಗಿಲ ಬಳಿ ಕೂತಿದ್ದರು.

"ಏನಂತೆ? ಸತ್ತಿತ್ತಲ್ಲ?" ಎಂದರು ಸರ್.

"ಇಲ್ಲ ಸರ್. ಬಾಯಾಗೆ ವಿಭೂತಿ ಕೂತಿತ್ತು. ಆಯುಧ ಪೂಜೇದು."

ಸರ್ ತಾಯಿಯ ಕಡೆ ನೋಡಿದರು. ಬೆಳಿಗ್ಗೆ ಗಾಜು ಅದುರುವಂತೆ ಎದ್ದಿದ್ದ ದನಿ ಈಗ ಏಳಲಿಲ್ಲ. "ಅಯ್ಯೋ, ಅವ್ವಗೇನು ಗೊತ್ತಾಗ್ತೈತೆ, ಬಿಡು," ಎಂದರು ಮೆಲ್ಲಗೆ.

ಮೈ ಉರಿದುಹೋಯಿತು. ಅವ್ವನಾದರೆ ಬಿಡು, ನಾನಾದರೆ ಸಂಜೆ ಕ್ಲಾಸು. ಅಲ್ಲಿಗೇ ಸುಮ್ಮನಾಗಿದ್ದರೆ ನಾನು ಗೆದ್ದಂತೆಯೇ. ಆದರೆ ಆ ಮುದುಕಿ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡದ್ದು ಕಾಣಿಸಿತು.

"ಅಮ್ಮಾರ ತಪ್ಪಲ್ಲ ಸರ್. ಲೇಬಲ್ ಕೆಡುತ್ತೆ ಅಂತ ತುದಿ ಮೇಲೆ ಮಾಡಿ ಹಿಡಿದೋಳು ನಾನು."

"ನೋಡು ಮತ್ತೆ!" ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ಹೇಳ್ಲಿಲ್ಲಾ ನಾನು? ನಿಂದೇ ತಪ್ಪು!"

"ಹೌದು, ನಂದೇ. ಅದನ್ನ ನಾನೇ ಹೇಳಿದೆ, ನೀವು ಹುಡುಕಿದ್ದಲ್ಲ." ನನ್ನ ದನಿ ಏರಿತು. "ಎಜೆಕ್ಟ್ ಮಾಡ್ದೆ ಸಾಯಿಸ್ದೆ ಅಂದ್ರಿ. ಸತ್ತಿರ್ಲಿಲ್ಲ. ಸಂಜೆ ಕ್ಲಾಸಿನ ವಿದ್ಯೆ ಅಂತ ಗಿರಾಕಿ ಎದುರಿಗೆ ಅಂದ್ರಿ. ನನ್ನ ತಪ್ಪು ನಾನು ಹೇಳೀನಿ. ನಿಮ್ದು ನೀವು ಹೇಳ್ರಿ."

ಅಕ್ಕನಾಗಮ್ಮನವರು, "ಕಿರಣಾ, ಆಕಿ ಕೇಳಾಕತ್ತಾಳ ನೋಡು," ಎಂದರು.

ಸರ್ ಡಿಸ್ಕಿಗೆ ಕೈ ಚಾಚಿದರು. ನಾನು ಕೊಡಲಿಲ್ಲ. ಕರವಸ್ತ್ರದ ಸಮೇತ ಎದೆಗೆ ಒತ್ತಿ ಹಿಡಿದು ನಿಂತೆ. ಅವರು ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಒಳಗೆ ತಿರುಗಿ, "ಯೋಗರಾಜ, ಆ ಕುರ್ಚಿ ಬಿಡು," ಎಂದರು.

ಅವರಿಂದ ಬಂದದ್ದು ಅಷ್ಟೇ. ನನಗೆ ಅದು ಸಾಲಲಿಲ್ಲ, ಇವತ್ತಿಗೂ ಸಾಲದು. ಒಳಗೆ ಹೋಗಿ ಮೊದಲು ಕುರ್ಚಿಯ ಎತ್ತರ ಏರಿಸಿದೆ. ಆಮೇಲೆ ಕೇಬಲ್ ಹಾಕಿದೆ. ನೀಲಿ ದೀಪ ಹತ್ತಿತು, ಆರಲಿಲ್ಲ.