ಸಾಹೇಬರು ಕಾದ ಮಿಂಚುಳ್ಳಿ

ಕಾಯುವ ಕೆಲಸವನ್ನೂ ಕೈಕೆಳಗಿನವರಿಗೆ ವಹಿಸಬಹುದೆಂದು ಕಂಡುಹಿಡಿದವರು ಅನಂತರಾಮು ಸಾಹೇಬರು. ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿದ್ದ ಕಾಲ ಅದು. ಸಾಹೇಬರು ಅಲ್ಲೊಂದು ಮನೆ ಕಟ್ಟಿಸಿ, ಜರ್ಮನಿಯ ಕ್ಯಾಮೆರಾ ತರಿಸಿ, ಬಡಾವಣೆಯ ಫೋಟೋ ಸಂಘಕ್ಕೆ ಸೇರಿದ್ದರು. ಸಂಘದ ಪ್ರದರ್ಶನಕ್ಕೆ ಅವರಿಗೊಂದು ಮಿಂಚುಳ್ಳಿ ಬೇಕಿತ್ತು. ಹೊಸಕೆರೆಹಳ್ಳಿ ಕೆರೆಯ ಕೋಡಿ ನೀರು ಹರಿಯುವ ಹಳ್ಳದಲ್ಲಿ ಅದು ಸಿಗುತ್ತದೆಂದು ಯಾರೋ ಹೇಳಿದ್ದರು. ಯಾವಾಗ ಸಿಗುತ್ತದೆಂದು ಹೇಳಿರಲಿಲ್ಲ.

"ಸಿದ್ದಲಿಂಗಯ್ಯ, ನಿಮ್ಮನೆ ಹನುಮಂತನಗರ ಅಲ್ವೇನ್ರಿ? ಅಲ್ಲಿಂದ ಹತ್ತಿರ," ಎಂದರು ಸಾಹೇಬರು.

ಸಿದ್ದಲಿಂಗಯ್ಯ ಅವರ ಕಚೇರಿಯ ಟೆಂಪರರಿ ಗುಮಾಸ್ತ. ಸಂಜೆ ಕಾಲೇಜಿನಲ್ಲಿ ಓದಿ ಪಾಸಾದವನು. ಹಗಲು ಓದಿದವರಿಗೆ ತನಗಿಂತ ಏನೋ ಹೆಚ್ಚು ಗೊತ್ತಿರಬೇಕೆಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ. ಕೆಲಸ ಖಾಯಮಾಗುವ ಆದೇಶ ಸಾಹೇಬರ ಸಹಿಗಾಗಿ ಮೇಜಿನ ಮೇಲೆ ಬಿದ್ದಿತ್ತು. "ಖಾಯಂ ಆದ ಮೇಲೆ ಬನ್ನಿ" ಎಂದು ಹೆಣ್ಣಿನ ಕಡೆಯವರು ಹೇಳಿ ಕಳಿಸಿ ವರ್ಷವಾಗಿತ್ತು.

ಏರ್ಪಾಡು ಸರಳ. ಭಾನುವಾರ ಬೆಳಿಗ್ಗೆ ಸಿದ್ದಲಿಂಗಯ್ಯ ಹಳ್ಳದ ದಂಡೆಯ ಲಕ್ಕಿ ಪೊದೆಯಲ್ಲಿ ಕ್ಯಾಮೆರಾ ನಿಲ್ಲಿಸಿಕೊಂಡು ಕೂರಬೇಕು. ಸಾಹೇಬರು ರಸ್ತೆಯಲ್ಲಿ, ಕಾರಿನೊಳಗೆ, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಪೇಪರ್ ಓದುವರು. ಹಕ್ಕಿ ಬಂದು ಕೂತರೆ ಇವನು ಕರವಸ್ತ್ರ ಆಡಿಸಬೇಕು. ಅವರು ಬಂದು ಗುಂಡಿ ಒತ್ತುವರು. ಕರವಸ್ತ್ರ ಆಡಿದೊಡನೆ ಹಕ್ಕಿ ಹಾರುತ್ತಿತ್ತು. ಅದಕ್ಕೂ ಹಾರದಿದ್ದರೆ "ಎಲ್ರೀ, ಎಲ್ಲಿದೆ?" ಎಂಬ ಸಾಹೇಬರ ದನಿಗೆ ಹಾರುತ್ತಿತ್ತು.

"ಇದೇನ್ರಿ, ನಾನು ಬರೋ ಹೊತ್ತಿಗೇ ಹೋಗತ್ತೆ? ನೀವು ಅದಕ್ಕೆ ಸರಿಯಾಗಿ ಅಭ್ಯಾಸ ಮಾಡಿಸಿಲ್ಲ."

"ತಪ್ಪಾಯ್ತು ಸಾರ್," ಎಂದ ಸಿದ್ದಲಿಂಗಯ್ಯ. ತಪ್ಪು ಯಾವುದೆಂದು ವಾರವಿಡೀ ಯೋಚಿಸಿದ.

ಮಳೆಗಾಲ ಕಳೆಯುವ ಹೊತ್ತಿಗೆ ಹಕ್ಕಿಗೆ ಅವನ ಮೇಲೆ ನಂಬಿಕೆ ಬಂದಿತ್ತು. ಒಂದು ಭಾನುವಾರ ಅದು ನೀರಿಗೆರಗಿ, ಮೀನು ಕಚ್ಚಿಕೊಂಡು ಮೇಲೆದ್ದು, ಎದುರಿನ ಕೊಂಬೆಯ ಮೇಲೆ ಬಿಸಿಲಿಗೆ ಮೈಯೊಡ್ಡಿ ಕೂತಿತು. ಸಾಹೇಬರು ಕಾರಿನಲ್ಲಿ ನಿದ್ದೆಹೋಗಿದ್ದರು. ಕರವಸ್ತ್ರಕ್ಕೆಂದು ಜೇಬಿಗೆ ಹೊರಟ ಕೈ ದಾರಿ ತಪ್ಪಿ ಗುಂಡಿಯನ್ನು ಒತ್ತಿಬಿಟ್ಟಿತು.

ಫೋಟೋ ಬಲು ಚೆನ್ನಾಗಿ ಬಂತು. ಸಿದ್ದಲಿಂಗಯ್ಯ ನಡೆದದ್ದನ್ನು ಹೇಳಿದ. ಸಾಹೇಬರು ಕೋಪಿಸಿಕೊಳ್ಳಲಿಲ್ಲ.

"ಅದರಲ್ಲೇನಿದೆ? ಆಫೀಸಲ್ಲಿ ಡ್ರಾಫ್ಟ್ ಬರೆಯೋರು ನೀವು. ಕಾಗದ ಯಾರದು?"

"ತಮ್ಮದು ಸಾರ್."

"ಮತ್ತೆ? ಪ್ರದರ್ಶನ ಮುಗೀಲಿ, ನಿಮ್ಮ ಖಾಯಂ ವಿಷಯ ನೋಡೋಣ."

ವಾದದಲ್ಲಿ ಎಲ್ಲೋ ಹುಳುಕಿದೆ ಅನ್ನಿಸಿತು ಸಿದ್ದಲಿಂಗಯ್ಯನಿಗೆ. ಆದರೆ ತರ್ಕಶಾಸ್ತ್ರದ ಪಾಠದಲ್ಲಿ ತಾನು ತೂಕಡಿಸಿದ್ದುಂಟೆಂಬುದು ನೆನಪಾಗಿ ತಲೆಯಾಡಿಸಿದ.

ಪ್ರದರ್ಶನದಲ್ಲಿ ಮಿಂಚುಳ್ಳಿಗೇ ಮೊದಲ ಬಹುಮಾನ. ಸಾಹೇಬರು ತಾಳ್ಮೆಯ ಮಹತ್ವದ ಬಗ್ಗೆ ದೀರ್ಘವಾಗಿ ಮಾತಾಡಿದರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ವಿಮಲಾ ಕೂತಿದ್ದರು. ಮಾತು ಮುಗಿದ ಮೇಲೆ ತೀರ್ಪುಗಾರರು ಕೇಳಿದರು: "ಅಷ್ಟು ಹತ್ತಿರ ಹೇಗೆ ಬಿಟ್ಕೊಳ್ತು ಸಾರ್? ಎಲ್ಲಿ ಕೂತಿದ್ರಿ, ಏನು ಮಾಡಿದ್ರಿ, ಸ್ವಲ್ಪ ವಿವರವಾಗಿ ಹೇಳಿ."

ಸಾಹೇಬರು ಒಂದು ಗುಟುಕು ನೀರು ಕುಡಿದರು. ಕಚೇರಿಯಲ್ಲಿ ಯಾರಾದರೂ ವಿವರ ಕೇಳಿದಾಗ ಮಾಡುವುದನ್ನೇ ಮಾಡಿದರು.

"ಸಿದ್ದಲಿಂಗಯ್ಯ, ಬನ್ರಿ ಇಲ್ಲಿ. ನಾನು ಹೇಗೆ ಕಾದೆ ಅಂತ ಇವರಿಗೆ ಹೇಳಿ."

ಸಿದ್ದಲಿಂಗಯ್ಯ ಹಿಂದಿನ ಸಾಲಿನಿಂದ ಎದ್ದು ಬಂದ. ಒಂದು ವಿವರ ಬಿಟ್ಟರೂ ಸಾಹೇಬರಿಗೆ ಅನ್ಯಾಯ, ಖಾಯಮಿಗೂ ಕುತ್ತು. ಆದದ್ದನ್ನೆಲ್ಲ, ತಾನಿದ್ದ ಕಡೆಯಲ್ಲೆಲ್ಲ ಸಾಹೇಬರನ್ನು ಕೂರಿಸಿ, ಹೇಳತೊಡಗಿದ.

"ಸಾಹೇಬ್ರು ಕತ್ತಲಿರೋವಾಗ್ಲೇ ಪೊದೆ ಒಳಗೆ ಸೇರ್ಕೊಳ್ಳೋರು. ಮೊದಲನೇ ದಿನ ಎಮ್ಮೆ ಬಂದು ಸಾಹೇಬ್ರ ಬೆನ್ನು ನೆಕ್ತು. ಅಲ್ಲಾಡಿದ್ರೆ ಹಕ್ಕಿ ಹೋಗತ್ತೆ ಅಂತ ಸಾಹೇಬ್ರು ನೆಕ್ಕಿಸ್ಕೊಂಡ್ರು."

ಸಭೆಯಲ್ಲಿ ಯಾರೋ ಕೆಮ್ಮಿದರು.

"ಆಮೇಲೊಂದಿನ ಮುನಿಲಕ್ಷ್ಮಮ್ಮ ಅನ್ನೋರು ಬಟ್ಟೆ ಒಗೆಯೋಕೆ ಬಂದ್ರು. ಪೊದೇಲಿ ಸಾಹೇಬ್ರನ್ನ ನೋಡಿ, 'ಹೆಂಗಸ್ರು ನೀರಿಗಿಳಿಯೋದನ್ನ ಕದ್ದು ನೋಡ್ತೀಯೇನೋ, ನಿಂಗೆ ಅಕ್ಕ ತಂಗೀರಿಲ್ವ' ಅಂದ್ರು. ಸಾಹೇಬ್ರು, 'ಹಕ್ಕಿ ನೋಡೋಕೆ ಬಂದಿದೀನಿ ಅಕ್ಕ' ಅಂದ್ರು. 'ಸಿಕ್ಕಿಬಿದ್ದೋರೆಲ್ಲ ಹಕ್ಕಿ ಅಂತಾರೆ, ಕೋತಿ ಅಂತಾರೆ' ಅಂತ ಅವರು ಒದ್ದೆ ಸೀರೇಲಿ ಬಾರಿಸಿದ್ರು. ಎರಡೇಟು. ಅಲ್ಲ, ಮೂರು."

ಸಭೆ ಬಿದ್ದು ಬಿದ್ದು ನಗುತ್ತಿತ್ತು. ವಿಮಲಾ ಮಾತ್ರ ನಗದೆ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. ಸಾಹೇಬರು ಎದ್ದು ನಿಂತರು.

"ಅದು... ಸೀರೆ ವಿಷಯ ಮಾತ್ರ ಇವರದು."

"ಹಾಗಾದ್ರೆ ಕ್ಯಾಮೆರಾ ಹತ್ರ ಕೂತಿದ್ದೋರು ಯಾರು?" ಎಂದರು ತೀರ್ಪುಗಾರರು, ಕೊಡಲೆಂದು ಎತ್ತಿದ್ದ ಬೆಳ್ಳಿಯ ಕಪ್ಪನ್ನು ಎದೆಗಾನಿಸಿಕೊಂಡು.

ಸಾಹೇಬರು ಕಪ್ಪನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು.

"ನಾನೇ," ಎಂದು ಕಪ್ಪಿಗೆ ಕೈಚಾಚಿದರು.

ಚಪ್ಪಾಳೆ ನಿಲ್ಲುವ ಮೊದಲೇ ವಿಮಲಾ ವೇದಿಕೆಯ ಹತ್ತಿರ ಬಂದಿದ್ದರು.

"ಸಿದ್ದಲಿಂಗಯ್ಯನವರೇ, ಇವರು ನಂಗೆ ಒಂದು ಮಾತೂ ಹೇಳಿಲ್ಲ ನೋಡಿ. ನಾಳೆ ಬೆಳಿಗ್ಗೆ ಮನೆಗೆ ತಿಂಡಿಗೆ ಬನ್ನಿ. ಮಿಕ್ಕಿದ್ದನ್ನೂ ಹೇಳುವಿರಂತೆ."

"ಬೆಳಿಗ್ಗೆ ಅವರಿಗೆ ಬಿಡುವಿಲ್ಲ," ಎಂದರು ಸಾಹೇಬರು ಥಟ್ಟನೆ. "ಖಾಯಂ ಆರ್ಡರ್ ತೊಗೋಬೇಕು. ಆಫೀಸು ತೆಗೆದ ತಕ್ಷಣ."

"ಹಾಗಾದ್ರೆ ಸಾಯಂಕಾಲ ಬರ್ಲಿ," ಎಂದರು ವಿಮಲಾ.

ಸಿದ್ದಲಿಂಗಯ್ಯ ಇಬ್ಬರಿಗೂ ಕೈಮುಗಿದ. ಖಾಯಮಾದ ಸಂತೋಷ ಇನ್ನೂ ಎದೆಗಿಳಿದಿರಲಿಲ್ಲ. ಸಾಹೇಬರಿಗೆ ಜಿಗಣೆ ಹತ್ತಿದ್ದನ್ನು ಹೇಳಲು ಮರೆತೆನಲ್ಲ ಎಂಬ ಕೊರಗು ಅದಕ್ಕಿಂತ ಮೊದಲೇ ಬಂದು ಕೂತಿತ್ತು.