ಬಲಕ್ಕೆ ವಾಲುವ ಭುಜ

ಅತ್ತಿಗೆ ಕಿವುಡಿಯ ನಾಟಕ ಆಡುತ್ತಿದ್ದಾಳೆ, ಅದರಲ್ಲಿ ನಾದಿನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕುಕ್ಕರ್ ಎಷ್ಟು ಬಡಿದುಕೊಂಡರೂ ತಿರುಗುವುದಿಲ್ಲ, ಬೆನ್ನ ಹಿಂದೆ ನಿಂತು ಗಂಟಲು ಹರಿಯುವಂತೆ ಕೂಗಿದರೂ ಉತ್ತರವಿಲ್ಲ. ಅದೇ ಮಹಾತಾಯಿ ಮುಂದಿನ ಕೋಣೆಗೆ ಬಂದು ಹಾಡಿನ ಕ್ಲಾಸಿಗೆ ಕೂತಳೋ, ಯಾವ ಹುಡುಗಿಯ ಸ್ವರ ಕೂದಲೆಳೆಯಷ್ಟು ಜಾರಿದರೂ ಹಿಡಿದುಬಿಡುತ್ತಾಳೆ! ಹಾರ್ಮೋನಿಯಂ ನುಡಿಸಲು ನಾನು ಬೇಕು, ನನ್ನ ಮಾತು ಮಾತ್ರ ಬೇಡ, ಅಲ್ಲವೇ? ನಾದಿನಿಗೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತು ಬಣ್ಣ ಬಯಲಾಗಲಿ, ನಾಳೆಯೇ ಗಂಟುಮೂಟೆ ಕಟ್ಟುತ್ತೇನೆ ಎಂದುಕೊಂಡಳು.

ಆ ಕ್ಲಾಸಿನಲ್ಲಿ ಸ್ವರ ಏರಿದರೆ ಕೈಯೂ ಏರಬೇಕು, ಇಳಿದರೆ ಇಳಿಯಬೇಕು. ಅದು ಅತ್ತಿಗೆಯೇ ಮಾಡಿದ ಪದ್ಧತಿ. ನಿಜವಾಗಿ ಕಿವುಡಾದರೆ ಕೈ ನೋಡಿ ಮೋಸಹೋಗಲೇಬೇಕಲ್ಲ? ನಾದಿನಿ ಹುಡುಗಿಯೊಬ್ಬಳ ಕಿವಿಯಲ್ಲಿ, "ಸ್ವರ ಮೇಲಕ್ಕೆ ತಗೊಂಡು ಹೋಗು, ಕೈ ಮಾತ್ರ ಕೆಳಗಿಳಿಸು" ಎಂದು ಉಸುರಿ, ಬಂದು ನುಡಿಸತೊಡಗಿದಳು.

"ಏನೇ ಇದು ಆಟ? ಸ್ವರ ಮೇಲೆ, ಕೈ ಕೆಳಗೆ!" ಎಂದು ಅತ್ತಿಗೆ ತಕ್ಷಣ ಗದರಿದಳು.

ಸಿಕ್ಕಿಬಿದ್ದಳು ಕಳ್ಳಿ! ಸಿಟ್ಟಿಗೆ ನಾದಿನಿಯ ಕಣ್ಣಲ್ಲಿ ನೀರೇ ಬಂತು. ಹುಡುಗಿಯರು ನೋಡಿಯಾರೆಂದು ಹಾರ್ಮೋನಿಯಮ್ಮನ್ನು ಗೋಡೆಯ ಕಡೆಗೆ ಎಳೆದುಕೊಂಡು, ಎಲ್ಲರಿಗೂ ಬೆನ್ನು ಹಾಕಿ ಕೂತಳು. ಇನ್ನೊಬ್ಬಳು ಹಾಡಿದಳು. ಸ್ವರ ತಪ್ಪಿತು, ಕೇಳಲಾಗದಷ್ಟು ತಪ್ಪಿತು. ಅತ್ತಿಗೆ ತಿದ್ದಲೇ ಇಲ್ಲ.

"ನಾಳೆ ನಾನು ಮನೆ ಬಿಟ್ಟು ಹೋಗ್ತೀನಿ ಅತ್ತಿಗೆ," ಎಂದಳು ನಾದಿನಿ, ಗೋಡೆ ನೋಡುತ್ತಲೇ, ಜೋರಾಗಿ.

ಹಾಡು ಅರ್ಧಕ್ಕೇ ನಿಂತಿತು.

"ಹ್ಞೂಂ, ಚೆನ್ನಾಗಿತ್ತು. ಮುಂದಿನ ಸಾಲು," ಎಂದಳು ಅತ್ತಿಗೆ.

ನಾದಿನಿ ಗಕ್ಕನೆ ತಿರುಗಿದಳು. ಅತ್ತಿಗೆಯ ಕಣ್ಣು ಹುಡುಗಿಯರ ಮೇಲಿರಲಿಲ್ಲ. ಅದು ಗಾಬರಿಯಿಂದ ಇವಳ ಭುಜವನ್ನು, ಹುಬ್ಬನ್ನು ಹುಡುಕುತ್ತಿತ್ತು. ಮೇಲಿನ ಸ್ವರ ಎಂದು ಬಾಯಲ್ಲಿ ಹೇಳಿದರೂ ಹಾರ್ಮೋನಿಯಮ್ಮಿನಲ್ಲಿ ಅದಿರುವುದು ಬಲಗಡೆ. ಸ್ವರ ಏರಿದಂತೆ ತನ್ನ ಮೈ ಬಲಕ್ಕೆ ವಾಲುವುದು, ತಪ್ಪಿದರೆ ಹುಬ್ಬು ಗಂಟಾಗುವುದು ನಾದಿನಿಗೇ ಗೊತ್ತಿರಲಿಲ್ಲ. ಅಯ್ಯೋ, ಇಷ್ಟು ದಿನ ನಾನು ಅನುಮಾನಪಟ್ಟದ್ದು ಯಾರನ್ನು!

ಅತ್ತಿಗೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಆ ಕಡೆ ತಿರುಗಬೇಡ ಕಣೇ. ನಿನ್ನ ಮುಖ ಕಾಣದಿದ್ರೆ ನಂಗೇನೂ ಕೇಳಲ್ಲ."

ನಾದಿನಿ ಹಾರ್ಮೋನಿಯಮ್ಮನ್ನು ಮೊದಲಿದ್ದ ಜಾಗಕ್ಕೇ ಎಳೆದಳು. ಮುಂದಿನ ಹುಡುಗಿ ಸ್ವರ ಏರಿಸಿದಾಗ, ಬೇಕೆಂದೇ ಇನ್ನಷ್ಟು ಬಲಕ್ಕೆ ವಾಲಿದಳು.