ಕರೆಂಟ್ ತಂದುಕೊಡುವ ಪುಣ್ಯಾತ್ಮ

ನಾನು ಲೈನ್‌ಮ್ಯಾನ್ ಆಗಿದ್ದಷ್ಟು ಕಾಲ ನಮ್ಮ ಬೀದಿಯಲ್ಲಿ ಕರೆಂಟ್ ಹೋಗುತ್ತಲೇ ಇರಲಿಲ್ಲ. ಹಾಗಾಗಿ ನಿವೃತ್ತನಾದ ದಿನ ನನ್ನನ್ನು ಮಾತಾಡಿಸಲು ಒಂದು ನರಪಿಳ್ಳೆಯೂ ಬರಲಿಲ್ಲ.

ನನ್ನ ಜಾಗಕ್ಕೆ ಬಂದವನು ಪಕ್ಕಾ ಚಾಲಾಕಿ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಕಂಬದ ಫ್ಯೂಸನ್ನು ತಾನೇ ಕಿತ್ತು ಜೇಬಿಗಿಳಿಸುತ್ತಾನೆ. ಜನ ಬೆವರೊರೆಸಿಕೊಳ್ಳುತ್ತ ಬೀದಿಗೆ ಬಂದ ಮೇಲೆ ಏಣಿ ಹೊತ್ತು ಓಡಿಬಂದು, ಅದನ್ನೇ ಮತ್ತೆ ಸಿಕ್ಕಿಸುತ್ತಾನೆ. ಫ್ಯಾನ್ ತಿರುಗಿದ್ದೇ ತಡ, ಅಜ್ಜಿಯರೆಲ್ಲ “ನಿನ್ನ ಹೊಟ್ಟೆ ತಣ್ಣಗಿರಲಿ, ಮಗಾ” ಎನ್ನುತ್ತಾರೆ.

ಮೊನ್ನೆ ಅವನು ಫ್ಯೂಸ್ ಕೀಳುವುದನ್ನು ಕಿಟಕಿಯಿಂದ ಕಣ್ಣಾರೆ ಕಂಡೆ. ಹೆಂಡತಿಗೆ ಹೇಳೋಣವೆಂದು ಅಡುಗೆಮನೆಗೆ ಹೋದರೆ, ಅವಳು ಅವನಿಗಾಗಿಯೇ ಶರಬತ್ತು ಕದಡುತ್ತಿದ್ದಳು.

“ಪಾಪ, ಈ ಬಿಸಿಲಲ್ಲಿ ಕಂಬ ಹತ್ತಬೇಕು,” ಎಂದಳು. “ನೀವೂ ಇದ್ರಿ, ದಂಡಕ್ಕೆ. ಹೋದ ಕರೆಂಟನ್ನ ಒಂದು ದಿನನಾದ್ರೂ ವಾಪಸ್ ತಂದುಕೊಟ್ರಾ?”